ವೆಬ್‌ಸೈಟ್ ಇದೆ, ಗೂಗಲ್‌ನಲ್ಲಿ ಕಾಣಿಸೋದೇ ಇಲ್ಲ. ದುಡ್ಡು ಕೊಟ್ಟರೆ ಮೇಲೆ ಬರುತ್ತಾ?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಗಾಣದ ಎಣ್ಣೆ ಅಂಗಡಿ ಇದೆ. ವೆಬ್‌ಸೈಟ್ ಮಾಡಿಸಿ ಆರು ತಿಂಗಳಾಯ್ತು. ಅಂಗಡಿ ಹೆಸರು ಹಾಕಿ ಹುಡುಕಿದರೂ ಗೂಗಲ್‌ನಲ್ಲಿ ಬರುತ್ತಿಲ್ಲ. ಈಗ ಒಂದು ಕಂಪನಿಯವರು ಫೋನ್ ಮಾಡಿ, 25 ಸಾವಿರ ಕೊಟ್ಟರೆ ಮೂರು ತಿಂಗಳಲ್ಲಿ ಮೊದಲ ಪುಟಕ್ಕೆ ತರ್ತೀವಿ, ಗ್ಯಾರಂಟಿ ಅಂತಿದ್ದಾರೆ. ಕೊಡಬಹುದಾ? ಇಲ್ಲಾ ನಾವೇ ಏನಾದರೂ ಮಾಡಿಕೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಎಸ್‌ಇಒ, ಅಂದರೆ ವೆಬ್‌ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸ ಮಾಡುವವರೆಲ್ಲ ಮೋಸಗಾರರು ಅಂತಲ್ಲ, ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲು ಆಗುವುದಿಲ್ಲ ಎಂದು ಗೂಗಲ್ಲೇ ತನ್ನ ಸಲಹೆ ಪುಟದಲ್ಲಿ ಬರೆದಿಟ್ಟಿದೆ. ಜಾಹೀರಾತಿನ ಜಾಗ ಬಿಟ್ಟರೆ, ಫಲಿತಾಂಶದಲ್ಲಿ ಮೇಲೆ ತರಲು ಅದು ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಗ್ಯಾರಂಟಿ ಕೊಡುವವರು ಏನು ಮಾಡ್ತಾರೆ? ಕೆಲವರು ಯಾರೂ ಹುಡುಕದ ಉದ್ದನೆಯ ಸಾಲೊಂದನ್ನು ಆರಿಸಿಕೊಳ್ಳುತ್ತಾರೆ. ನಿಮ್ಮ ಅಂಗಡಿ ಹೆಸರು, ರಸ್ತೆ, ಬಡಾವಣೆ ಎಲ್ಲ ಸೇರಿಸಿ ಹುಡುಕಿದರೆ ನೀವಲ್ಲದೆ ಇನ್ಯಾರು ಬರಬೇಕು? ಅದರ ಸ್ಕ್ರೀನ್‌ಶಾಟ್ ಕಳಿಸಿ ‘ನೋಡಿ ಸರ್, ಫಸ್ಟ್ ಪೇಜ್’ ಅಂತಾರೆ. ಇನ್ನು ಕೆಲವರು ನಿಮ್ಮ ದುಡ್ಡಿನಲ್ಲೇ ಗೂಗಲ್ ಜಾಹೀರಾತು ಹಾಕಿ ಮೇಲೆ ತೋರಿಸುತ್ತಾರೆ. ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುಳಿವಿದೆ. ಅಂಗಡಿ ಹೆಸರು ಹಾಕಿದರೂ ಬರುತ್ತಿಲ್ಲ ಅಂದಿದ್ದೀರಿ. ‘ಗಾಣದ ಎಣ್ಣೆ’ ಅಂತ ಹುಡುಕಿದಾಗ ಹತ್ತನೇ ಪುಟದಲ್ಲಿದ್ದರೆ ಅದು ಪೈಪೋಟಿಯ ಮಾತು. ಹೆಸರಿಗೇ ಬರದಿದ್ದರೆ ಬಹುಶಃ ನಿಮ್ಮ ವೆಬ್‌ಸೈಟ್ ಗೂಗಲ್‌ನ ಲೆಕ್ಕದಲ್ಲೇ ಇಲ್ಲ. ಇವೆರಡು ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ.

ಗೂಗಲ್ ಕೆಲಸ ಮಾಡುವುದು ಮೂರು ಹಂತದಲ್ಲಿ. ಗೂಗಲ್‌ಬಾಟ್ ಎಂಬ ಅದರ ಪ್ರೋಗ್ರಾಮ್ ಲಿಂಕಿನಿಂದ ಲಿಂಕಿಗೆ ಹೋಗುತ್ತಾ ಪುಟಗಳನ್ನು ಓದುತ್ತದೆ. ಓದಿದ್ದನ್ನು ಇಂಡೆಕ್ಸ್ ಎಂಬ ದೊಡ್ಡ ಪಟ್ಟಿಗೆ ಸೇರಿಸುತ್ತದೆ. ಯಾರಾದರೂ ಏನಾದರೂ ಹುಡುಕಿದಾಗ ಆ ಪಟ್ಟಿಯಿಂದ ಆರಿಸಿ, ಸರದಿ ಹಾಕಿ ತೋರಿಸುತ್ತದೆ. ಪಟ್ಟಿಗೇ ಸೇರದ ಪುಟ ಎಷ್ಟೇ ಚೆನ್ನಾಗಿದ್ದರೂ ಸರದಿಗೆ ಬರುವುದಿಲ್ಲ.

ಸೇರಿದೆಯೋ ಇಲ್ಲವೋ ನೋಡುವುದು ಸುಲಭ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ಪುಟಗಳು ಬಂದರೆ ಸೇರಿದೆ. ಒಂದೂ ಬರದಿದ್ದರೆ ಮೊದಲು ನೋಡಬೇಕಾದದ್ದು ಒಂದು ಚಿಕ್ಕ ಟಿಕ್ ಗುರುತನ್ನು. ನಿಮ್ಮ ಸೈಟನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮಾಡಿದ್ದರೆ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎಂಬರ್ಥದ ಒಂದು ಆಯ್ಕೆ ಇರುತ್ತದೆ. ಕೆಲಸ ಅರ್ಧದಲ್ಲಿರುವಾಗ ಯಾರಿಗೂ ಕಾಣಿಸದಿರಲಿ ಅಂತ ಡೆವಲಪರ್ ಅದಕ್ಕೆ ಟಿಕ್ ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿರುತ್ತಾರೆ. ಅಷ್ಟೇ! ಆರು ತಿಂಗಳು ಕಾಣೆಯಾಗಲು ಇಷ್ಟು ಸಾಕು. ಅಲ್ಲಿ ಸರಿಯಿದ್ದರೆ, ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲಿನಲ್ಲಿ ಇಡೀ ಸೈಟಿಗೆ ಬೀಗ ಬಿದ್ದಿದೆಯಾ ನೋಡಿ ಅಂತ ಡೆವಲಪರ್‌ಗೆ ಹೇಳಿ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟನ್ನು ನೋಂದಾಯಿಸಿ. ಇದು ಪೂರ್ತಿ ಉಚಿತ. ಸೈಟ್ ನಿಮ್ಮದೇ ಎಂದು ತೋರಿಸಿದ ಮೇಲೆ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ವಿಳಾಸದ ಪಟ್ಟಿ, ಕೊಡಬಹುದು. ಯಾವ ಪುಟ ಸೇರಿದೆ, ಯಾವುದು ಸೇರಿಲ್ಲ, ಯಾಕೆ ಸೇರಿಲ್ಲ ಎಲ್ಲ ಅಲ್ಲಿ ಗೊತ್ತಾಗುತ್ತದೆ. ಪುಟದ ವಿಳಾಸ ಹಾಕಿ ‘ಇದನ್ನು ಸೇರಿಸಿಕೊಳ್ಳಿ’ ಅಂತ ಕೋರಿಕೆ ಕಳಿಸಲೂಬಹುದು. ಕೋರಿಕೆ ಕಳಿಸಿದ ತಕ್ಷಣ ಆಗಲ್ಲ, ಕೆಲವು ದಿನ ಬೇಕು, ಒಮ್ಮೊಮ್ಮೆ ವಾರಗಳೂ ಹಿಡಿಯುತ್ತವೆ. ದಿನಾ ಕಳಿಸಿದರೆ ಬೇಗ ಆಗುತ್ತದೆ ಅಂತೇನಿಲ್ಲ.

ಕನ್ನಡದಂಥ ನಮ್ಮ ಭಾಷೆಗಳ ವೆಬ್‌ಸೈಟುಗಳಿಗೆ ಬರುವ ಒಂದು ತೊಂದರೆ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಿನ ಡಿಟಿಪಿ ಅಂಗಡಿಯಲ್ಲಿ ಕರಪತ್ರ ಮಾಡಿಸಿರುತ್ತೀರಿ. ಅದನ್ನೇ ಚಿತ್ರ ಮಾಡಿ ವೆಬ್‌ಸೈಟಿಗೆ ಹಾಕಿಬಿಡುತ್ತಾರೆ. ನೋಡಲು ಚೆಂದ, ಆದರೆ ಹುಡುಕುವ ಎಂಜಿನ್‌ಗೆ ಅದು ಅಕ್ಷರವಲ್ಲ, ಒಂದು ಫೋಟೋ. ಇನ್ನೊಂದು ಬಗೆ, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸುವುದು. ಆ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಗೂಗಲ್ ಓದುವುದು ಆ ಒಳಗಿನದ್ದನ್ನು. ಪರೀಕ್ಷೆ ಮಾಡಬೇಕಾ? ನಿಮ್ಮ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳೂ ಓದುವ ಅಕ್ಷರ ಸಂಕೇತ, ಚಿಂತೆಯಿಲ್ಲ. ಅರ್ಥವಾಗದ ಚಿಹ್ನೆಗಳು ಬಂದರೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಮಾಡಿದ ಮೇಲೆ ಒಮ್ಮೆ ಕಣ್ಣಾಡಿಸಿ, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ.

ಪುಟದ ವಿಳಾಸವನ್ನೂ ಕನ್ನಡದಲ್ಲೇ ಇಡಬಹುದು, ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಅಂಥ ವಿಳಾಸವನ್ನು ಕಾಪಿ ಮಾಡಿದಾಗ ‘ಕ’ ಎಂಬ ಒಂದೇ ಅಕ್ಷರ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುವುದುಂಟು. ಹಂಚಿಕೊಂಡಾಗ ಅದು ವೈರಸ್ ಲಿಂಕ್ ಥರ ಕಾಣುತ್ತದೆ, ಜನ ಒತ್ತಲು ಹೆದರುತ್ತಾರೆ. ವಿಳಾಸ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿರಲಿ, ಒಳಗಿನ ಮಾತು ಕನ್ನಡದಲ್ಲಿರಲಿ.

ಇಷ್ಟಾದರೆ ಅಂಗಡಿ ಹೆಸರಿಗೆ ಬರುತ್ತೀರಿ. ಆದರೆ ಹೆಸರು ಹಾಕಿ ಹುಡುಕುವವರು ನಿಮ್ಮನ್ನು ಮೊದಲೇ ಬಲ್ಲವರು, ಅಲ್ವಾ? ನಿಮಗೆ ಬೇಕಾದ್ದು ನಿಮ್ಮ ಹೆಸರು ಕೇಳಿರದ ಗಿರಾಕಿ.

ನಿಮ್ಮಂಥ ಅಂಗಡಿಗಳ ಬಹಳಷ್ಟು ವೆಬ್‌ಸೈಟುಗಳಲ್ಲಿ ‘ನಮ್ಮ ಬಗ್ಗೆ’, ‘ನಮ್ಮ ಉತ್ಪನ್ನಗಳು’, ‘ಸಂಪರ್ಕಿಸಿ’ ಎಂಬ ಮೂರು ಪುಟ ಇರುತ್ತವೆ. ‘ಗುಣಮಟ್ಟವೇ ನಮ್ಮ ಧ್ಯೇಯ’ ಅಂತ ಬರೆದಿರುತ್ತಾರೆ. ಗುಣಮಟ್ಟವೇ ಧ್ಯೇಯ ಅಂತ ಗೂಗಲ್‌ನಲ್ಲಿ ಯಾರು ಹುಡುಕ್ತಾರೆ ಹೇಳಿ? ಜನ ಹುಡುಕುವುದು ಪ್ರಶ್ನೆಗಳನ್ನು. ಆ ಪ್ರಶ್ನೆಗಳು ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆಯೇ ದಿನಾ ಬರುತ್ತಿರುತ್ತವೆ. ಕಡ್ಲೆಕಾಯಿ ಎಣ್ಣೆಯಲ್ಲಿ ಕರಿಯುವಾಗ ನೊರೆ ಯಾಕೆ ಬರುತ್ತೆ? ಡಬ್ಬದ ತಳದಲ್ಲಿ ಮಡ್ಡಿ ನಿಂತರೆ ಎಣ್ಣೆ ಕೆಟ್ಟಿದೆಯಾ? ನಮ್ಮದೇ ಕೊಬ್ಬರಿ ತಂದರೆ ಆಡಿಸಿಕೊಡ್ತೀರಾ, ಕಿಲೋಗೆ ಎಷ್ಟು? ಕಡಿಮೆ ಅಂದರೆ ಎಷ್ಟು ತರಬೇಕು? ಹಿಂಡಿ ನಮಗೇ ಕೊಡ್ತೀರಾ? ಅಂಗಡಿಯ ಎಣ್ಣೆಗಿಂತ ಇದಕ್ಕೆ ಇಷ್ಟು ರೇಟ್ ಯಾಕೆ?

ಒಂದು ನೋಟ್‌ಬುಕ್ ಗಲ್ಲಾ ಹತ್ತಿರ ಇಡಿ. ಗಿರಾಕಿಗಳು ಕೇಳಿದ್ದನ್ನು ಕೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮುಖ್ಯವಾದ ಒಂದೊಂದಕ್ಕೂ ಒಂದೊಂದು ಪುಟ. ಪ್ರಶ್ನೆಯೇ ಪುಟದ ತಲೆಬರಹ, ಮೊದಲ ಎರಡು ಸಾಲಿನಲ್ಲೇ ಉತ್ತರ, ಆಮೇಲೆ ವಿವರ. ಡಿಸೆಂಬರ್‌ನಲ್ಲಿ ‘ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಏನೋ ಬೆರೆಸಿದ್ದಾರೆ’ ಅಂತ ಜನ ಜಗಳಕ್ಕೆ ಬರುತ್ತಾರಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸಹಜ ಅಂತ ನಿಮ್ಮ ಅಂಗಡಿಯ ಡಬ್ಬದ ಫೋಟೋ ಸಮೇತ ಬರೆದಿಡಿ. ಗಾಣದ ಮುಂದೆ ನಿಂತವರು ಮಾತ್ರ ಹೇಳಬಲ್ಲ ವಿವರ ಅದರಲ್ಲಿರಲಿ. ಎಐ ಕೈಲಿ ರಾತ್ರೋರಾತ್ರಿ ಇನ್ನೂರು ಲೇಖನ ಬರೆಸಿ ತುಂಬಿಸುವ ಯೋಚನೆ ಇದ್ದರೆ ಬಿಡಿ. ಸ್ಥಾನ ಗಿಟ್ಟಿಸಲೆಂದೇ ಯಾರಿಗೂ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕುವುದನ್ನು, ಬರೆದದ್ದು ಮನುಷ್ಯರಾಗಲಿ ಯಂತ್ರವಾಗಲಿ, ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ (ಮೋಸದ ತಂತ್ರಗಳ) ನಿಯಮಕ್ಕೆ ಸೇರಿಸಿದೆ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷ್‌ನಲ್ಲಾ? ನನ್ನ ಅಭಿಪ್ರಾಯದಲ್ಲಿ ಕನ್ನಡವೇ ಮೊದಲು. ಇಂಗ್ಲಿಷ್‌ನಲ್ಲಿ ನೀವು ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳ ಜೊತೆ ಗುದ್ದಾಡಬೇಕು. ಕನ್ನಡದಲ್ಲಿ ಇಂಥ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರೆದವರೇ ಕಡಿಮೆ. ಇಂಗ್ಲಿಷ್ ಪುಟವೂ ಬೇಕೆಂದರೆ ಬೇರೆ ಪುಟವಾಗಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ಊರಿನ ಹೆಸರಿನ ಬಗ್ಗೆ ಮಾತ್ರ ಸ್ವಲ್ಪ ಗಮನ ಇರಲಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು, ತುಮಕೂರು ಅದರಲ್ಲೊಂದು. ಆದರೂ ಹಳೆಯ ಕಾಗುಣಿತದಲ್ಲೇ ಟೈಪ್ ಮಾಡುವವರು ಇನ್ನೂ ಇದ್ದಾರೆ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪ ಒಂದೊಂದು ಸಲ ಬಂದರೆ ಸಾಕು. ಸಾಲುಸಾಲಿಗೂ ಊರಿನ ಹೆಸರು ತುರುಕಿದರೆ ಅದೂ ಸ್ಪ್ಯಾಮ್ ಲೆಕ್ಕವೇ.

ನೀವು ವೆಬ್‌ಸೈಟಿಗಿಂತ ಮೊದಲೇ ಮಾಡಬಹುದಾಗಿದ್ದ ಕೆಲಸವೊಂದಿದೆ, ಗೂಗಲ್ ಬಿಸಿನೆಸ್ ಪ್ರೊಫೈಲ್. ಮ್ಯಾಪಿನಲ್ಲಿ ಅಂಗಡಿಯ ಜಾಗ, ಸಮಯ, ಫೋನ್ ನಂಬರ್, ಫೋಟೋ ಎಲ್ಲ ತೋರಿಸುತ್ತದಲ್ಲ, ಅದು. ‘ಹತ್ತಿರದ ಎಣ್ಣೆ ಗಾಣ’ ಅಂತ ಫೋನಿನಲ್ಲಿ ಹುಡುಕುವವರಿಗೆ ಮೊದಲು ಕಾಣುವುದು ಮ್ಯಾಪಿನ ಪಟ್ಟಿ. ಅಲ್ಲಿ ಯಾರನ್ನು ತೋರಿಸಬೇಕೆಂದು ಗೂಗಲ್ ನೋಡುವುದು ಮುಖ್ಯವಾಗಿ ಮೂರನ್ನು: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಎಷ್ಟು ಸಂಬಂಧ, ಹುಡುಕಿದವರು ಎಷ್ಟು ದೂರದಲ್ಲಿದ್ದಾರೆ, ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ. ದೂರವನ್ನು ನೀವು ಬದಲಾಯಿಸಲಾರಿರಿ, ಮಿಕ್ಕ ಎರಡು ನಿಮ್ಮ ಕೈಯಲ್ಲಿವೆ. ವ್ಯಾಪಾರದ ವರ್ಗ ಸರಿಯಾಗಿ ಆರಿಸಿ. ಹಬ್ಬದ ರಜೆ ಇದ್ದರೆ ಅವತ್ತಿನ ಸಮಯ ಬದಲಾಯಿಸಿ. ಎಣ್ಣೆ ಚೆನ್ನಾಗಿತ್ತು ಅಂದ ಗಿರಾಕಿಗೆ ‘ಅದನ್ನೇ ಗೂಗಲ್‌ನಲ್ಲಿ ಬರೀರಿ’ ಅಂತ ಕೇಳಿ, ತಪ್ಪೇನಿಲ್ಲ. ಅರ್ಧ ಲೀಟರ್ ಫ್ರೀ ಕೊಟ್ಟು ಐದು ಸ್ಟಾರ್ ಹಾಕಿಸಿಕೊಳ್ಳುವುದು ಮಾತ್ರ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಉಚಿತ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ಹಣ ಕಟ್ಟದಿದ್ದರೆ ನಿಮ್ಮ ಲಿಸ್ಟಿಂಗ್ ತೆಗೀತೀವಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಆ ಕಂಪನಿಯವರು ಕಳಿಸುವ ಪಟ್ಟಿಯಲ್ಲಿ ‘ಮೆಟಾ ಕೀವರ್ಡ್ಸ್’ (ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಸೇರಿಸುವ ಪದಗಳ ಪಟ್ಟಿ) ಅಂತ ಇದ್ದರೆ ನಕ್ಕು ಬಿಡಿ. ತನ್ನ ಹುಡುಕಾಟದಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ‘500 ಬ್ಯಾಕ್‌ಲಿಂಕ್’ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕ್) ಅಂತ ಇದ್ದರೆ ನಗುವುದಲ್ಲ, ಹೆದರಬೇಕು. ಬೇರೆಯವರು ನಿಮ್ಮ ಸೈಟಿಗೆ ಲಿಂಕ್ ಕೊಟ್ಟರೆ ಒಳ್ಳೆಯದು ಎಂಬುದು ನಿಜ, ಗೂಗಲ್ ಹುಟ್ಟಿದ್ದೇ ಆ ತತ್ವದ ಮೇಲೆ. ಆದರೆ ಕೊಂಡು ತಂದ ಲಿಂಕುಗಳನ್ನು ಹಿಡಿಯಲೆಂದೇ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂತು. ಅವತ್ತು ಎಷ್ಟೋ ಸೈಟುಗಳು ರಾತ್ರಿ ಕಳೆಯುವುದರೊಳಗೆ ಕೆಳಗೆ ಬಿದ್ದವು. ವಿಕಿಪೀಡಿಯದಲ್ಲಿ ನಿಮ್ಮ ಲಿಂಕ್ ತೂರಿಸ್ತೀವಿ ಅನ್ನುವವರೂ ಇದ್ದಾರೆ. ಅಲ್ಲಿಂದ ಹೊರಗೆ ಹೋಗುವ ಲಿಂಕುಗಳ ಮೇಲೆ ‘ಇದನ್ನು ಶಿಫಾರಸು ಅಂತ ತಿಳಿಯಬೇಡಿ’ ಎಂಬ ಗುರುತು ಎಷ್ಟೋ ವರ್ಷದಿಂದ ಇದೆ, ಜೊತೆಗೆ ಅಲ್ಲಿನ ಸಂಪಾದಕರು ಅಳಿಸಿಯೂ ಹಾಕುತ್ತಾರೆ. ನಿಮ್ಮ ಊರಿನ ಪತ್ರಿಕೆಯ ವೆಬ್‌ಸೈಟಿನಲ್ಲಿ ಗಾಣದ ಬಗ್ಗೆ ಒಂದು ವರದಿ ಬಂದರೆ, ನಿಮ್ಮ ಎಣ್ಣೆ ಮಾರುವ ಸಾವಯವ ಅಂಗಡಿಯವರು ತಮ್ಮ ಸೈಟಿನಲ್ಲಿ ಹೆಸರು ಹಾಕಿದರೆ, ಅಂಥ ಒಂದಕ್ಕೆ ಇರುವ ಬೆಲೆ ಆ 500ಕ್ಕೆ ಇಲ್ಲ.

ವೇಗದ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋನಿನಲ್ಲಿ ತೆಗೆದ ದೊಡ್ಡ ಫೋಟೋಗಳನ್ನು ಚಿಕ್ಕದು ಮಾಡಿ ಹಾಕಿ, ಸೈಟ್ ಮೊಬೈಲ್‌ನಲ್ಲಿ ಸರಿಯಾಗಿ ಓದಲು ಬರುತ್ತದಾ ನೋಡಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿದರೆ ಗೂಗಲ್ ಅದನ್ನು ಚೆನ್ನಾಗಿದೆ ಅನ್ನುತ್ತದೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಅಳೆಯಬಹುದು.

ಎಷ್ಟು ದಿನ ಕಾಯಬೇಕು? ಬದಲಾವಣೆ ಮಾಡಿ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ ಎಂದು ಗೂಗಲ್‌ನವರೇ ಒಮ್ಮೆ ಹೇಳಿದ್ದರು. ಅಲ್ಲಿಯವರೆಗೆ ದಿನಾ ನೀವೇ ಹುಡುಕಿ ನೋಡುತ್ತಾ ಕೂರಬೇಡಿ. ಊರಿಂದ ಊರಿಗೆ, ಫೋನಿಂದ ಫೋನಿಗೆ ಫಲಿತಾಂಶ ಬೇರೆ ಬೇರೆ. ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದನ್ನು ನೋಡಿ. ಸಾವಿರ ಸಲ ಕಾಣಿಸಿಯೂ ಯಾರೂ ಒತ್ತದಿದ್ದರೆ ತಲೆಬರಹ ಬದಲಾಯಿಸಿ ನೋಡಿ.

ಈಗ ಇನ್ನೊಂದು ತಿರುವೂ ಬಂದಿದೆ. 2024ರಿಂದ ಭಾರತದಲ್ಲೂ ಕೆಲವು ಪ್ರಶ್ನೆಗಳಿಗೆ ಗೂಗಲ್ ಮೇಲೆಯೇ ಎಐ ಉತ್ತರ ತೋರಿಸುತ್ತಿದೆ. ಓದಿದವರು ಕೆಳಗಿನ ಲಿಂಕಿಗೆ ಬರದೇ ಹೋಗಬಹುದು. ಹಾಗಾಗಿ ಬರೀ ಟ್ರಾಫಿಕ್, ಅಂದರೆ ಸೈಟಿಗೆ ಬಂದವರ ಸಂಖ್ಯೆ, ಎಣಿಸುವುದರಲ್ಲಿ ಅರ್ಥವಿಲ್ಲ. ನೊರೆ ಯಾಕೆ ಅಂತ ಓದಿ ಹೋದ ದೂರದ ಊರಿನ ಸಾವಿರ ಜನರಿಗಿಂತ ಕೊಬ್ಬರಿ ಆಡಿಸುವ ದರ ನೋಡಿ ಫೋನ್ ಮಾಡಿದ ಪಕ್ಕದ ಗುಬ್ಬಿ ಊರಿನ ಹತ್ತು ಜನ ನಿಮಗೆ ಮುಖ್ಯ. ಫೋನ್ ಮಾಡಿದವರನ್ನು ‘ಎಲ್ಲಿ ನೋಡಿದ್ರಿ’ ಅಂತ ಕೇಳಿ, ಅದೇ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅನ್ನಿಸಿ ಮುಂದೆ ಯಾರಿಗಾದರೂ ಕೆಲಸ ಒಪ್ಪಿಸಿದರೆ, ತಿಂಗಳಲ್ಲಿ ಏನೇನು ಮಾಡಿದರು ಎಂಬುದನ್ನು ಬರಹದಲ್ಲಿ ಕೇಳಿ. ಲಿಂಕ್ ತಂದರೆ ಎಲ್ಲಿಂದ ತಂದರು ಎಂಬುದನ್ನೂ ಕೇಳಿ, ಹೇಳಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಡೊಮೈನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಬಾಡಿಗೆ ಜಾಗ), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ನಾಲ್ಕೂ ನಿಮ್ಮದೇ ಇಮೇಲಿನಲ್ಲಿ, ನಿಮ್ಮದೇ ಹೆಸರಿನಲ್ಲಿ ಇರಬೇಕು. ಈಗಿನ ಡೊಮೈನ್ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ಡೆವಲಪರ್‌ಗೆ ಕೇಳಿ. ಕೆಲಸ ಮಾಡುವವರನ್ನು ಸರ್ಚ್ ಕನ್ಸೋಲ್‌ನಲ್ಲಿ ಬಳಕೆದಾರರಾಗಿ ಸೇರಿಸಿದರೆ ಸಾಕು, ಮಾಲೀಕತ್ವ ಕೊಡುವ ಅಗತ್ಯವಿಲ್ಲ. ಸರಿಹೋಗದಿದ್ದರೆ ಅವರ ಹೆಸರು ತೆಗೆಯಿರಿ, ನಿಮ್ಮ ಸೈಟ್ ನಿಮ್ಮ ಹತ್ತಿರವೇ ಇರುತ್ತದೆ.