ಪಾಸ್‌ವರ್ಡಿನ ಹಿಟ್ಟು, ಚಿಟಿಕೆ ಉಪ್ಪು

ಕೋಲಾರದ ಕಾಲೇಜೊಂದರ ಲ್ಯಾಬ್‌ನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಸರಾ ರಜೆ ಮುಗಿದ ವಾರ ಎಲ್ಲರದ್ದೂ ಒಂದೇ ಮಾತು: ‘ಸಾರ್, ಪಾಸ್‌ವರ್ಡ್ ಮರೆತೋಯ್ತು, ನೋಡಿ ಹೇಳಿ.’ ಸಕಲ ಅಧಿಕಾರದ ರೂಟ್ ಖಾತೆ ನನ್ನ ಕೈಯಲ್ಲೇ ಇದ್ದರೂ ಹೇಳಲಾರೆ. ಹೊಸದು ಇಟ್ಟುಕೊಡಬಲ್ಲೆ, ಅಷ್ಟೆ. ಹಳೆಯದು ಆ ಯಂತ್ರದಲ್ಲಿ ಎಲ್ಲೂ ಇಲ್ಲ.

ಇಲ್ಲದಿದ್ದರೆ ತಾಳೆ ನೋಡುವುದು ಹೇಗೆ? ರಾಗಿ ಮಿಷನ್ ನೆನಪಿಸಿಕೊಳ್ಳಿ. ಹಿಟ್ಟಾದ ಮೇಲೆ ಕಾಳು ವಾಪಸ್ ಬರುವುದಿಲ್ಲ. ಪಾಸ್‌ವರ್ಡನ್ನು ಮೊದಲ ಸಲ ಕೊಟ್ಟಾಗ ಯುನಿಕ್ಸ್ (ಲಿನಕ್ಸ್‌ಗೆ ಮಾದರಿಯಾದ ಹಳೆಯ ವ್ಯವಸ್ಥೆ) ಅದನ್ನು ಹ್ಯಾಶ್ ಎಂಬ ಗಣಿತದ ಮಿಷನ್ನಿಗೆ ಹಾಕಿ, ಬಂದ ಹಿಟ್ಟನ್ನಷ್ಟೇ ಎತ್ತಿಡುತ್ತದೆ. ನಾಳೆ ನೀವು ಟೈಪ್ ಮಾಡಿದ್ದನ್ನು ಮತ್ತೆ ಬೀಸುತ್ತದೆ. ಎರಡೂ ಹಿಟ್ಟು ಒಂದೇ ಆದರೆ ಬಾಗಿಲು ತೆರೆಯುತ್ತದೆ. ಒಂದಕ್ಷರ ತಪ್ಪಿದರೂ ಹಿಟ್ಟು ಪೂರಾ ಬೇರೆ.

ಕಾಳನ್ನೇ ಇಟ್ಟರೆ ಏನಾಗುತ್ತದೆಂಬುದು 1966ರಲ್ಲೇ ಗೊತ್ತಾಗಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎರಡು ಫೈಲುಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿದವು.

ಹಿಟ್ಟಿಗೂ ಒಂದು ತೊಂದರೆ ಇದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೆ ಹಿಟ್ಟೂ ಒಂದೇ; ಕಳ್ಳ ನಿಘಂಟಿನ ಪದಗಳನ್ನೆಲ್ಲ ಮೊದಲೇ ಬೀಸಿಟ್ಟುಕೊಂಡು ಹೋಲಿಸಬಹುದು. 1979ರಲ್ಲಿ, ಯುನಿಕ್ಸ್ ಹುಟ್ಟಿದ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ವಿವರಿಸಿದ ಮದ್ದಿನ ಹೆಸರೇ ‘ಸಾಲ್ಟ್’, ಅಂದರೆ ಉಪ್ಪು. ಬೀಸುವ ಮುಂಚೆ ಒಬ್ಬೊಬ್ಬರ ಪಾಲಿಗೂ ಒಂದೊಂದು ಬಗೆಯ ಚಿಟಿಕೆ, ಅಂದರೆ ಯಂತ್ರವೇ ಮನಬಂದಂತೆ ಆರಿಸಿ ಬೆರೆಸುವ ಒಂದು ಸಂಖ್ಯೆ. ಆಗ 4096 ಬಗೆ. ಜೊತೆಗೆ ಡಿಇಎಸ್ ಗೂಢಲಿಪಿ ವಿಧಾನವನ್ನು 25 ಸಲ ಓಡಿಸಿ, ಬೀಸುವುದನ್ನು ಬೇಕೆಂದೇ ನಿಧಾನ ಮಾಡಿದರು. ನನಗೆ ತುಂಬ ಹಿಡಿಸಿದ್ದು ಈ ನಿಧಾನವೇ. ನಿಮಗೆ ಕಣ್ಣು ಮಿಟುಕಿಸುವಷ್ಟು ಕಾಯುವಿಕೆ. ಕೋಟಿಗಟ್ಟಲೆ ಊಹೆ ಪರೀಕ್ಷಿಸಬೇಕಾದ ಕಳ್ಳನಿಗೆ ವರ್ಷಗಳು.

ಆದರೂ ಯಂತ್ರಗಳು ಚುರುಕಾದವು. ಥಾಂಪ್ಸನ್ನರ ಹಳೆಯ ಪಾಸ್‌ವರ್ಡ್ ಸುಮಾರು 40 ವರ್ಷದ ನಂತರ, 2019ರಲ್ಲಿ ಬಯಲಾಯಿತು: ಚೆಸ್‌ನಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ನಡೆ, ಎಂಟು ಅಕ್ಷರಗಳಲ್ಲಿ. ಆ ಕಾಲದಲ್ಲಿ ಹ್ಯಾಶ್‌ಗಳು (ಬೀಸಿದ ಹಿಟ್ಟು) ಇದ್ದ ಫೈಲನ್ನು ಯಾರು ಬೇಕಾದರೂ ಓದಬಹುದಿತ್ತು. ಈಗ ಅವು ‘ಶ್ಯಾಡೋ’ ಎಂಬ ಬೇರೆ ಫೈಲಿನಲ್ಲಿವೆ. ಸಾಮಾನ್ಯ ಬಳಕೆದಾರರಿಗೆ ಅದು ತೆರೆಯದು.

ಹೊಸ ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದೆ ಮಕ್ಕಳು ‘ಕೀಬೋರ್ಡ್ ಕೆಟ್ಟಿದೆ ಸಾರ್’ ಅನ್ನುತ್ತಾರೆ. ಕೆಟ್ಟಿಲ್ಲ. ಎಷ್ಟು ಅಕ್ಷರ ಎಂಬುದೂ ಪಕ್ಕದವರಿಗೆ ತಿಳಿಯಬಾರದಲ್ಲ. ನಾನೂ ಮುಖ ತಿರುಗಿಸಿ ನಿಲ್ಲುತ್ತೇನೆ.