ಮುಪ್ಪಿನಲ್ಲಿ ಸ್ನಾಯುಬಲ

ವಯಸ್ಸಾದವರು ಸುಮ್ಮನೆ ಕುಳಿತಿರಬೇಕು, ಭಾರವಾದದ್ದೇನನ್ನೂ ಎತ್ತಬಾರದು ಎಂಬ ಮಾತು ಪ್ರೀತಿಯಿಂದಲೇ ಹುಟ್ಟುತ್ತದೆ. ಆದರೆ ಮುಪ್ಪನ್ನು ಕುರಿತ ತಪ್ಪು ನಂಬಿಕೆಗಳಲ್ಲಿ ಇದರಷ್ಟು ಹಾನಿ ಮಾಡುವುದು ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. 1987ರಲ್ಲಿ ಅಮೆರಿಕದ ಸಂಶೋಧಕರಾದ ಜಾನ್ ರೋ ಮತ್ತು ರಾಬರ್ಟ್ ಕಾನ್, ಕಾಯಿಲೆಯಿಲ್ಲದ ವೃದ್ಧರಲ್ಲಿಯೂ ವಯಸ್ಸಿನೊಂದಿಗೆ ಶಕ್ತಿ ಕುಂದುವ ರೂಢಿಯ ಮುಪ್ಪು ಬೇರೆ, ಅಷ್ಟಾಗಿ ಕುಂದದ ಯಶಸ್ವಿ ಮುಪ್ಪು ಬೇರೆ ಎಂದು ಪ್ರತಿಪಾದಿಸಿದರು. ನಾವು ವಯಸ್ಸಿನ ತಲೆಗೆ ಕಟ್ಟುವ ಎಷ್ಟೋ ಕುಂದುಗಳ ಹಿಂದೆ ಆಹಾರ, ವ್ಯಾಯಾಮ ಮತ್ತು ಒಡನಾಟಗಳ ಪಾತ್ರವಿದೆ ಎಂಬುದು ಅವರ ವಾದ. ಡೆನ್ಮಾರ್ಕಿನ ಅವಳಿಗಳ ಅಧ್ಯಯನವೂ ಆಯುಸ್ಸಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಕಾಲುಭಾಗ ಮಾತ್ರ ಎಂದಿತು.

ರಕ್ತದೊತ್ತಡದ ಹತೋಟಿ, ಕಿವಿ ಮಂದವಾದಾಗ ಶ್ರವಣಯಂತ್ರ, ಮಾತಿಗೆ ನಾಲ್ಕು ಜನ, ಇವುಗಳ ಮಹತ್ವವನ್ನು ಹೆಚ್ಚಿನವರು ಒಪ್ಪುತ್ತಾರೆ. ಹಿಂಜರಿಕೆ ಇರುವುದು ಸ್ನಾಯುಬಲದ ವಿಷಯದಲ್ಲಿ. ಬೆನ್ನುಹುರಿಯ ಒಂದೊಂದು ಚಾಲಕ ನರಕೋಶವೂ ಸ್ನಾಯುವಿನ ಹತ್ತಾರು, ಕೆಲವೊಮ್ಮೆ ನೂರಾರು ಎಳೆಗಳಿಗೆ ಆಜ್ಞೆ ಕೊಡುತ್ತದೆ. 60ರ ಆಚೆಗೆ ಈ ನರಕೋಶಗಳು ಹೆಚ್ಚು ಹೆಚ್ಚಾಗಿ ನಶಿಸುತ್ತವೆ. ಆಗ ಪಕ್ಕದ ನರಕೋಶ ಹೊಸ ಕವಲು ಚಾಚಿ, ತಬ್ಬಲಿ ಮಕ್ಕಳನ್ನು ನೆರೆಮನೆಯವರು ಸಾಕಿಕೊಳ್ಳುವಂತೆ, ದಿಕ್ಕಿಲ್ಲದ ಎಳೆಗಳನ್ನು ತನ್ನವಾಗಿ ಮಾಡಿಕೊಳ್ಳುತ್ತದೆ. ಆಸರೆ ಸಿಗದವು ಸೊರಗಿ ಹೋಗುತ್ತವೆ. ಈ ನಷ್ಟ ಹೆಚ್ಚಾಗಿ ತಟ್ಟುವುದು ವೇಗವಾಗಿ ಸಂಕುಚಿಸುವ ಎಳೆಗಳಿಗೆ, ಎಡವಿದಾಗ ಕ್ಷಣಾರ್ಧದಲ್ಲಿ ಮೈಯನ್ನು ಸಾವರಿಸಬೇಕಾದವೂ ಅವೇ. ನಿಧಾನದ ನಡಿಗೆ ಹೃದಯಕ್ಕೆ ಹಿತವಾದರೂ ಇವುಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ, ಏಕೆಂದರೆ ನರಮಂಡಲವು ಮೊದಲು ಸಣ್ಣ ನರಕೋಶಗಳನ್ನು ದುಡಿಸಿ, ಹೊರೆ ಹೆಚ್ಚಾದಾಗ ಮಾತ್ರ, ವೇಗದ ಎಳೆಗಳನ್ನು ಆಳುವ ದೊಡ್ಡ ನರಕೋಶಗಳನ್ನು ಕರೆಯುತ್ತದೆ.

1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ಆರೈಕೆ ಕೇಂದ್ರವೊಂದರಲ್ಲಿದ್ದ, 90ರ ಆಸುಪಾಸಿನ ದುರ್ಬಲ ವೃದ್ಧರಿಂದ 8 ವಾರ ಕಾಲುಗಳಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತರಬೇತಿ ಮುಗಿಸಿದವರ ಬಲ ಸರಾಸರಿ ಶೇ. 174ರಷ್ಟು ಏರಿತು, ತೊಡೆಯ ಸ್ನಾಯು ಬೆಳೆದದ್ದು ಸುಮಾರು ಶೇ. 9 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ: ಇರುವ ಎಳೆಗಳನ್ನೇ ಒಟ್ಟಾಗಿ ದುಡಿಸಿಕೊಳ್ಳುವುದನ್ನು ನರಮಂಡಲ ಆ ವಯಸ್ಸಿನಲ್ಲಿಯೂ ಕಲಿಯಬಲ್ಲದು.

ಹೃದ್ರೋಗ ಅಥವಾ ಕೀಲುನೋವು ಇರುವವರು ವೈದ್ಯರನ್ನು ಕೇಳಿ, ಬಲ್ಲವರ ಕಣ್ಣೆದುರಿನಲ್ಲಿ, ಹಗುರಾದ ಭಾರದಿಂದ ಆರಂಭಿಸಬೇಕು. ಕೈಯೂರದೆ ಕುರ್ಚಿಯಿಂದ ಏಳುವುದೂ ವ್ಯಾಯಾಮವೇ. ಊಟದಲ್ಲಿ ಸಾಕಷ್ಟು ಪ್ರೋಟೀನ್ ಇರಬೇಕು. ನಡುವೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಫಿಯಾಟರೋನ್ ಅವರ ಅದೇ ಅಧ್ಯಯನದಲ್ಲಿ ಉತ್ತರವಿದೆ: ವ್ಯಾಯಾಮ ನಿಲ್ಲಿಸಿದ 4 ವಾರಗಳಲ್ಲಿ ಆ ವೃದ್ಧರ ಬಲ ಶೇ. 32ರಷ್ಟು ಇಳಿದಿತ್ತು.