ಗೇಮಿಂಗ್ ಪಿಸಿಗೆ ಯಾವ ಮದರ್‌ಬೋರ್ಡ್? ಮೊದಲು ಮ್ಯಾನ್ಯುಯಲ್ ಓದಿ

ಗೇಮಿಂಗ್ ಪಿಸಿ ಕಟ್ಟಿಕೊಡಿ ಅಂತ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಯಾವುದು, ಪ್ರೊಸೆಸರ್ ಯಾವುದು ಎಂದು ತಿಂಗಳುಗಟ್ಟಲೆ ವಿಡಿಯೋ ನೋಡಿ, ತಲೆ ಕೆಡಿಸಿಕೊಂಡು ಬರೆದಿರುತ್ತಾರೆ. ಮದರ್‌ಬೋರ್ಡ್ ಇರುವ ಸಾಲಿನಲ್ಲಿ ಮಾತ್ರ ಎರಡರಲ್ಲೊಂದು: ಸಿಗುವುದರಲ್ಲೇ ಅತಿ ಅಗ್ಗದ್ದು, ಇಲ್ಲವೇ ಕಣ್ಣು ಕುಕ್ಕುವಷ್ಟು ಲೈಟ್ ಇರುವ ಅತಿ ದುಬಾರಿಯದು. ನನಗೆ ಎರಡೂ ಇಷ್ಟವಾಗುವುದಿಲ್ಲ. ಅದರಲ್ಲೂ ಎರಡನೆಯದು, ಯಾಕೆಂದರೆ ಅದಕ್ಕೆ ಸುರಿದ ಹೆಚ್ಚುವರಿ ದುಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನೇ ಒಂದು ಮೆಟ್ಟಿಲು ಮೇಲಿನದು ತೆಗೆದುಕೊಳ್ಳಬಹುದಿತ್ತು.

ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಕಾರ್ಡ್ ಇಟ್ಟು ಬೋರ್ಡ್ ಒಂದನ್ನೇ ಬದಲಿಸಿ ನೋಡಿ. ಎರಡೂ ಬೋರ್ಡು ಚೆನ್ನಾಗಿದ್ದರೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚುಕಡಿಮೆ ಒಂದೇ ಬರುತ್ತದೆ. ಹಾಗಾದರೆ ಬೋರ್ಡಿಗೆ ಯಾಕೆ ಇಷ್ಟು ಯೋಚನೆ ಅಂದರೆ, ಅದು ಯಾವುದನ್ನು ತಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಕೊಂಡ ಮೇಲೆಯೇ ಗೊತ್ತಾಗುತ್ತದೆ. ಡಬ್ಬದ ಮೇಲೆ ಅದನ್ನು ಬರೆದಿರುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ, ಅದೂ ಸಣ್ಣ ಅಕ್ಷರದಲ್ಲಿ. ಎಲ್ಲಾ ಕಂಪನಿಗಳೂ ಮ್ಯಾನ್ಯುಯಲ್‌ನ ಪಿಡಿಎಫ್ ಅನ್ನು ತಮ್ಮ ಸೈಟಿನಲ್ಲಿ ಇಟ್ಟಿರುತ್ತವೆ. ಬೋರ್ಡ್ ಕೊಳ್ಳುವ ಮುಂಚೆ ಅದನ್ನು ಇಳಿಸಿಕೊಂಡು ಅರ್ಧ ಗಂಟೆ ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಓದುವವರು ಕಡಿಮೆ ಬಿಡಿ.

ಮೊದಲು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಎಎಂಡಿಯ ರೈಜೆನ್ 7000 ಮತ್ತು 9000 ಸರಣಿಗೆ ಎಎಂ5. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700, ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸಾಕೆಟ್ ಹೆಸರು ಹೊಂದಿದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ. ಇಂಟೆಲ್‌ನ 6 ಮತ್ತು 7ನೇ ತಲೆಮಾರಿನವಕ್ಕೂ 8 ಮತ್ತು 9ನೇ ತಲೆಮಾರಿನವಕ್ಕೂ ಇದ್ದದ್ದು ಅದೇ ಎಲ್‌ಜಿಎ 1151. ಆದರೂ ಹಳೆಯ 100, 200 ಸರಣಿ ಚಿಪ್‌ಸೆಟ್‌ನ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಬೋರ್ಡಿನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ನಡೆಯುವುದಿಲ್ಲ. ಬೋರ್ಡಿನ ಸಪೋರ್ಟ್ ಪೇಜಿನಲ್ಲಿ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ, ಪಕ್ಕದಲ್ಲೇ ಬಯೋಸ್‌ನ (ಬೋರ್ಡನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್) ಯಾವ ಆವೃತ್ತಿಯಿಂದ ನಡೆಯುತ್ತದೆ ಎಂದೂ ಇರುತ್ತದೆ. ಆ ಎರಡನೇ ಕಾಲಮ್ಮನ್ನು ಜನ ನೋಡುವುದೇ ಇಲ್ಲ. ಎಎಂಡಿಯ ಬಿ650 ಚಿಪ್‌ಸೆಟ್‌ನ ಬೋರ್ಡ್ ಹಳೆಯ ಸ್ಟಾಕ್ ಆಗಿ ಬಯೋಸ್ ಹಳೆಯದಾಗಿದ್ದರೆ ಅದಕ್ಕೆ ರೈಜೆನ್ 9000 ಹಾಕಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ.

ಅದಕ್ಕೇ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಪ್ರೊಸೆಸರ್ ಇಲ್ಲದೆ, ರ‍್ಯಾಮ್ ಇಲ್ಲದೆ, ಬರೀ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಜೋಡಿಸಿ, ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸಬಹುದು. ಫೈಲಿನ ಹೆಸರು ಮ್ಯಾನ್ಯುಯಲ್ ಹೇಳಿದಂತೆಯೇ ಇರಬೇಕು, ಪೆನ್‌ಡ್ರೈವ್ ಗುರುತು ಹಾಕಿದ ಯುಎಸ್‌ಬಿ ಪೋರ್ಟಿನಲ್ಲೇ ಇರಬೇಕು. ಈ ಒಂದು ಬಟನ್ ನೂರು ಆರ್‌ಜಿಬಿ ಲೈಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚಿಪ್‌ಸೆಟ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಗೇಮ್ ಆಡುವ ಬಹುಪಾಲು ಜನರಿಗೆ ಬಿ ಸರಣಿ ಸಾಕು. ಇಂಟೆಲ್‌ನಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕೆಂದರೆ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಬೇಕೆಂದರೆ, ಝಡ್ ಸರಣಿ ಬೇಕು, ಜೊತೆಗೆ ಹೆಸರಿನ ಕೊನೆಯಲ್ಲಿ ಕೆ ಇರುವ ಪ್ರೊಸೆಸರೂ ಬೇಕು. ಓವರ್‌ಕ್ಲಾಕ್ ಮಾಡಲ್ಲ ಅಂದಮೇಲೆ ಝಡ್ ಯಾಕೆ? ಬಿ760ರಲ್ಲಿ ರ‍್ಯಾಮ್ ವೇಗ ಏರಿಸಲು ಅಡ್ಡಿಯಿಲ್ಲ. ಎಚ್610ರಲ್ಲಿ ಅದೂ ಇಲ್ಲ, ಪ್ರೊಸೆಸರ್‌ಗೆ ನೇರವಾಗಿ ಜೋಡಿಸಿದ ಎಂ.2 ಸ್ಲಾಟೂ (ವೇಗದ ಎಸ್‌ಎಸ್‌ಡಿ ಕೂರಿಸುವ ಜಾಗ) ಇಲ್ಲ. ಆದ್ದರಿಂದ ಗೇಮಿಂಗ್‌ಗೆ ಅದನ್ನು ನಾನು ಹೇಳುವುದಿಲ್ಲ. ಎಎಂಡಿಯಲ್ಲಿ ಬಿ650, ಬಿ850 ಎರಡರಲ್ಲೂ ಓವರ್‌ಕ್ಲಾಕ್‌ಗೆ ಅವಕಾಶ ಇದೆ. ಬಿ840 ಹೆಸರು ನೋಡಿ ಮೋಸ ಹೋಗಬೇಡಿ, ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಗುಣದಲ್ಲಿ ಅದು ಎ620ಗೆ ಹತ್ತಿರ. ಎಕ್ಸ್870ರಲ್ಲಿ ಯುಎಸ್‌ಬಿ4 (ಹೆಚ್ಚು ವೇಗದ ಯುಎಸ್‌ಬಿ) ಕಡ್ಡಾಯವಾಗಿ ಇರುತ್ತದೆ. ನಿಮಗೆ ಅದು ಬೇಕಾ ಅಂತ ನೀವೇ ಕೇಳಿಕೊಳ್ಳಿ.

ಈಗ ವಿಆರ್‌ಎಂ, ಅಂದರೆ ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಒದಗಿಸುವ ಭಾಗ. ನಿಜವಾಗಿ ದುಡ್ಡು ಹಾಕಬೇಕಾದ ಜಾಗ ಇದು. ಎಸ್‌ಎಂಪಿಎಸ್‌ನಿಂದ ಬರುವುದು 12 ವೋಲ್ಟ್, ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2, 1.3 ವೋಲ್ಟ್. ಆ ಇಳಿಸುವ ಕೆಲಸ ಸಾಕೆಟ್ಟಿನ ಸುತ್ತ ಇರುವ ಮಾಸ್‌ಫೆಟ್, ಚೋಕ್ ಎಂಬ ಬಿಡಿಭಾಗಗಳದ್ದು. ಲೆಕ್ಕ ಹಾಕಿ ನೋಡಿ: ಕೋರ್ ಐ9-14900ಕೆ ಪೂರ್ತಿ ಜೋರಿನಲ್ಲಿ 253 ವ್ಯಾಟ್ ಎಳೆಯಬಹುದು. 1.3 ವೋಲ್ಟಿನಲ್ಲಿ ಅದು ಹತ್ತಿರ ಹತ್ತಿರ 200 ಆಂಪಿಯರ್. ಅಷ್ಟು ಕರೆಂಟನ್ನು ಅಗ್ಗದ ಬೋರ್ಡಿನ ಬೆತ್ತಲೆ ಮಾಸ್‌ಫೆಟ್‌ಗಳು, ಅಂದರೆ ಬಿಸಿ ಹೀರುವ ಹೀಟ್‌ಸಿಂಕೇ ಇಲ್ಲದವು, ಎಷ್ಟು ಹೊತ್ತು ತಡೆದಾವು?

ವಿಆರ್‌ಎಂ ಕಾದಾಗ ಬೋರ್ಡ್ ಸುಟ್ಟು ಹೋಗುವುದು ಅಪರೂಪ. ಅದು ಸದ್ದಿಲ್ಲದೆ ಪ್ರೊಸೆಸರ್‌ನ ವೇಗ ಇಳಿಸುತ್ತದೆ. ಹೀಗಾಗಿ ಇದನ್ನು ಹಿಡಿಯುವುದು ಕಷ್ಟ. ಆಟ ಶುರುವಾದಾಗ ಎಲ್ಲ ನಯವಾಗಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಡೆತಡೆದು ಓಡುತ್ತದೆ, ಪ್ರೊಸೆಸರ್‌ನ ಬಿಸಿ ನೋಡಿದರೆ ಮಾಮೂಲು, ಕಾರ್ಡಿನ ಬಿಸಿಯೂ ಮಾಮೂಲು. ಜನ ಕಾರ್ಡಿನ ಡ್ರೈವರ್ ಬದಲಿಸುತ್ತಾರೆ, ವಿಂಡೋಸ್ ಹೊಸದಾಗಿ ಹಾಕುತ್ತಾರೆ, ಏನೂ ಆಗುವುದಿಲ್ಲ. ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ವಿಆರ್‌ಎಂ ಅಥವಾ ಮಾಸ್ ಎಂದಿರುವ ಸಾಲಿನ ಬಿಸಿ ಹೇಗೆ ಏರುತ್ತದೆ, ಅದೇ ಹೊತ್ತಿಗೆ ಪ್ರೊಸೆಸರ್ ವೇಗ ಹೇಗೆ ಬೀಳುತ್ತದೆ ಎಂದು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಲಿಕ್ವಿಡ್ ಕೂಲರ್ ಹಾಕಿದವರಿಗೆ ಇನ್ನೊಂದು ಮಾತು. ಏರ್ ಕೂಲರ್‌ನ ಗಾಳಿ ಒಂದಿಷ್ಟು ಸುತ್ತಲ ವಿಆರ್‌ಎಂ ಮೇಲೂ ಬೀಳುತ್ತಿತ್ತು, ಲಿಕ್ವಿಡ್‌ನಲ್ಲಿ ಆ ಜಾಗದಲ್ಲಿ ಗಾಳಿಯೇ ಆಡುವುದಿಲ್ಲ. ಕ್ಯಾಬಿನೆಟ್‌ಗೆ ಹಿಂದೆ ಒಂದು ಫ್ಯಾನ್ ಇರಲೇಬೇಕು.

ಹಾಗಂತ ವಿಆರ್‌ಎಂ ಬಗ್ಗೆ 16+2 ಅಂತ ಬರೆದದ್ದನ್ನೆಲ್ಲ ನಂಬಿ ಹೋಗಬೇಡಿ. ಮೊದಲ ಅಂಕಿ ಪ್ರೊಸೆಸರ್ ಕೋರ್‌ಗೆ ಕರೆಂಟ್ ಕೊಡುವ ಫೇಸ್‌ಗಳದ್ದು (ವಿಆರ್‌ಎಂನ ಬಿಡಿ ಘಟಕಗಳು) ನಿಜ, ಆದರೆ ಹಲವು ಬೋರ್ಡ್‌ಗಳಲ್ಲಿ 16 ಎಂದರೆ ಜೋಡಿ ಜೋಡಿಯಾಗಿ ನಡೆಯುವ 8. ಅದು ಕೆಟ್ಟದ್ದು ಅಂತಲ್ಲ. ಪ್ರತಿ ಪವರ್ ಸ್ಟೇಜ್ 50 ಆಂಪಿಯರ್‌ದೋ 80 ಆಂಪಿಯರ್‌ದೋ, ಹೀಟ್‌ಸಿಂಕ್ ದಪ್ಪ ಲೋಹದ್ದೋ ಇಲ್ಲ ಚಂದಕ್ಕೆ ಹೊದಿಸಿದ ಪ್ಲಾಸ್ಟಿಕ್ಕೋ ಎಂಬುದು ಅಂಕಿಗಿಂತ ಮುಖ್ಯ. ನಿಮ್ಮ ಪ್ರೊಸೆಸರ್ ಯಾವುದು ಎಂಬುದೂ ಮುಖ್ಯ. ಗೇಮರ್‌ಗಳ ಅಚ್ಚುಮೆಚ್ಚಿನ ರೈಜೆನ್ 7 7800ಎಕ್ಸ್3ಡಿ ಆಟದಲ್ಲಿ 100 ವ್ಯಾಟ್ ಕೂಡ ಮುಟ್ಟುವುದಿಲ್ಲ. ಅದಕ್ಕೆ ಸುಮಾರಾದ ಬಿ650 ಬೋರ್ಡೇ ಧಾರಾಳ. ಅದನ್ನು ದುಬಾರಿ ಎಕ್ಸ್670ಇ ಬೋರ್ಡ್ ಮೇಲೆ ಕೂರಿಸಿ ಗೇಮಿಂಗ್ ಹೆಚ್ಚುತ್ತದೆ ಅಂದುಕೊಂಡರೆ ಸುಮ್ನೆ ಖರ್ಚು.

ಮ್ಯಾನ್ಯುಯಲ್ ಓದಿ ಅಂದೆನಲ್ಲ, ಅದು ನಿಜವಾಗಿ ಬೇಕಾಗುವುದು ಸ್ಲಾಟ್‌ಗಳ ವಿಷಯಕ್ಕೆ. ನೋಡಲು ಬೋರ್ಡಿನಲ್ಲಿ ಮೂರು ಉದ್ದ ಸ್ಲಾಟು, ನಾಲ್ಕು ಎಂ.2 ಇರುತ್ತವೆ. ಎಲ್ಲವನ್ನೂ ಒಟ್ಟಿಗೆ ತುಂಬಿಸಬಹುದು ಅಂತ ಅನ್ನಿಸುತ್ತದೆ ಅಲ್ವಾ? ಪ್ರೊಸೆಸರ್‌ನಿಂದ ಬರುವ ಪಿಸಿಐಇ ಲೇನ್‌ಗಳು (ಡೇಟಾ ಓಡಾಡುವ ದಾರಿಗಳು) ಎಣಿಸಿದಷ್ಟೇ. ರೈಜೆನ್ 7000ದಲ್ಲಿ ಒಟ್ಟು 28: ಕಾರ್ಡಿಗೆ 16, ಎಂ.2ಗೆ ಸಾಮಾನ್ಯವಾಗಿ 4 ಮತ್ತೆ 4, ಚಿಪ್‌ಸೆಟ್‌ಗೆ 4. ಉಳಿದ ಎಂ.2, ಸಾಟಾ (ಡ್ರೈವ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಹಳೆಯ ಬಗೆ), ಲ್ಯಾನ್, ಹೆಚ್ಚಿನ ಯುಎಸ್‌ಬಿಗಳೆಲ್ಲ ಚಿಪ್‌ಸೆಟ್‌ನ ಆ ನಾಲ್ಕು ಲೇನನ್ನೇ ಹಂಚಿಕೊಳ್ಳಬೇಕು, ಒಂದೇ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳ ಹಾಗೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಷರತ್ತುಗಳು. ಮೂರನೇ ಎಂ.2 ತುಂಬಿಸಿದರೆ ಎರಡು ಸಾಟಾ ಪೋರ್ಟ್ ಬಂದ್. ಇನ್ನೊಂದು ಬೋರ್ಡಿನಲ್ಲಿ ಜೆನ್ 5 (ಪಿಸಿಐಇಯ ಐದನೇ ತಲೆಮಾರು) ಎಂ.2 ಬಳಸಿದರೆ ಗ್ರಾಫಿಕ್ಸ್ ಕಾರ್ಡಿನ ಸ್ಲಾಟು 16 ಲೇನ್‌ನಿಂದ 8ಕ್ಕೆ ಇಳಿಯುತ್ತದೆ. ಇಂಟೆಲ್‌ನ ಝಡ್790 ಬೋರ್ಡ್‌ಗಳಲ್ಲಿ ಇದು ಮಾಮೂಲು. ಕೆಲವು ಎಕ್ಸ್870 ಬೋರ್ಡ್‌ಗಳಲ್ಲಿ ಎರಡನೇ ಎಂ.2 ಮತ್ತು ಯುಎಸ್‌ಬಿ4 ಲೇನ್ ಹಂಚಿಕೊಳ್ಳುತ್ತವೆ. ಆಟಗಳನ್ನೆಲ್ಲ ಹಳೆಯ ಸಾಟಾ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಂಡವರು ಹೊಸ ಎಂ.2 ಹಾಕಿದ ಮರುಕ್ಷಣ ಹಳೆಯದು ಮಾಯವಾದರೆ ಡ್ರೈವ್ ಕೆಟ್ಟಿತು ಅಂತಲೇ ತಿಳಿಯುತ್ತಾರೆ. ಕೆಟ್ಟಿರುವುದಿಲ್ಲ, ಕೇಬಲ್ಲನ್ನು ಬೇರೆ ಪೋರ್ಟಿಗೆ ಬದಲಿಸಿದರೆ ಆಯಿತು.

ಜೆನ್ 4, ಜೆನ್ 5 ಗಲಾಟೆಗೆ ಹೆಚ್ಚು ತಲೆ ಕೊಡಬೇಡಿ. 16 ಲೇನಿನ ಕಾರ್ಡಿಗೆ ಜೆನ್ 4 ಸ್ಲಾಟು ಇವತ್ತಿಗೂ ಸಾಕು. ಎಚ್ಚರ ಇರಬೇಕಾದದ್ದು ಬರೀ 8 ಲೇನ್ ಇರುವ ಕಾರ್ಡ್‌ಗಳ ವಿಷಯದಲ್ಲಿ, ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ತರಹದವು. ಇವನ್ನು ಹಳೆಯ ಜೆನ್ 3 ಬೋರ್ಡಿಗೆ ಹಾಕಿದರೆ ಸಿಗುವ ದಾರಿ ಅರ್ಧಕ್ಕರ್ಧ. ಕಾರ್ಡಿನ ಮೆಮೊರಿ ತುಂಬಿದ ಆಟಗಳಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ರ‍್ಯಾಮ್‌ಗೆ ನಾಲ್ಕು ಸ್ಲಾಟು ಇದೆ ಅಂತ ನಾಲ್ಕೂ ತುಂಬಿಸುವುದು ಹೊಸ ಬಗೆಯ ಡಿಡಿಆರ್5 ಮೆಮೊರಿಯಲ್ಲಿ ಒಳ್ಳೆಯದಲ್ಲ. ರೈಜೆನ್ 7000ಕ್ಕೆ ಎಎಂಡಿಯೇ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಾದರೆ 3600. ಬಯೋಸ್‌ನಲ್ಲಿ ಎಕ್ಸ್‌ಪೋ (ಮೆಮೊರಿಯನ್ನು ಅದರ ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಹಾಕಿ ಅದಕ್ಕಿಂತ ಮೇಲೆ ಹೋಗಬಹುದು, ಎರಡು ಸ್ಟಿಕ್ಕಿನಲ್ಲಿ 6000 ಸಲೀಸಾಗಿ ನಡೆಯುತ್ತದೆ, ನಾಲ್ಕರಲ್ಲಿ ಅದೇ 6000ಕ್ಕೆ ಪಿಸಿ ತಕರಾರು ತೆಗೆಯುತ್ತದೆ. 32 ಜಿಬಿ ಬೇಕಿದ್ದರೆ 16ರ ಎರಡು ಕೊಳ್ಳಿ. ಸಾಕೆಟ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ.

ಅಳತೆ ವಿಷಯ ಬೇಗ ಮುಗಿಸುತ್ತೇನೆ. ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಒಂದೇ ಕಾರ್ಡ್, ಎರಡು ಎಸ್‌ಎಸ್‌ಡಿ ಇರುವ ಗೇಮರ್‌ಗೆ ಮೈಕ್ರೋ ಎಟಿಎಕ್ಸ್ ಸಾಕು, ಎರಡು ಕಾರ್ಡ್ ಹಾಕುವ ಕಾಲ ಮುಗಿಯಿತು. ಆದರೆ ಮೂರು ಸ್ಲಾಟ್ ದಪ್ಪದ ಕಾರ್ಡ್ ಕೆಳಗಿನ ಸ್ಲಾಟನ್ನೂ ಕೆಲವೊಮ್ಮೆ ಕೆಳಗಿನ ಪಿನ್‌ಗಳನ್ನೂ ಮುಚ್ಚಿಬಿಡುತ್ತದೆ, ಚಿತ್ರ ನೋಡಿಕೊಳ್ಳಿ. ಕ್ಯಾಬಿನೆಟ್ ಮುಂದೆ ಟೈಪ್ ಸಿ ಪೋರ್ಟ್ ಇದ್ದರೆ ಬೋರ್ಡಿನಲ್ಲಿ ಅದರ ಹೆಡರ್ (ಕೇಬಲ್ ಚುಚ್ಚುವ ಜಾಗ) ಇದೆಯಾ ನೋಡಿ. ಲೈಟ್ ಹಾಕುವವರು ಇನ್ನೂ ಹುಷಾರಾಗಿರಬೇಕು: ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. 5 ವೋಲ್ಟಿನದನ್ನು ಬಲವಂತವಾಗಿ 12 ವೋಲ್ಟಿಗೆ ಚುಚ್ಚಿದರೆ ಲೈಟು ಸುಡುತ್ತದೆ.

ಬಯೋಸ್ ಅಪ್‌ಡೇಟ್ ಕಂಪನಿ ಎಷ್ಟು ಚುರುಕಾಗಿ ಕೊಡುತ್ತದೆ ಎಂಬುದನ್ನೂ ಸಪೋರ್ಟ್ ಪೇಜಿನ ತಾರೀಕುಗಳಲ್ಲಿ ನೋಡಿ. 2023ರಲ್ಲಿ ರೈಜೆನ್ ಎಕ್ಸ್3ಡಿ ಚಿಪ್‌ಗಳು ಸುಟ್ಟ ಪ್ರಕರಣ ಬಂದಾಗ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನ ಮೆಮೊರಿ ನಿಯಂತ್ರಕದ ಭಾಗಕ್ಕೆ ಹೋಗುವುದು) 1.3 ವೋಲ್ಟ್‌ಗೆ ಮಿತಿಗೊಳಿಸಿದ್ದು ಬಯೋಸ್ ಮೂಲಕವೇ. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಕ್ರ್ಯಾಶ್ ಸಮಸ್ಯೆಗೆ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ನಡೆ ತಿದ್ದುವ ಕೋಡ್) ಬಂದದ್ದೂ ಹಾಗೆಯೇ. ಬೋರ್ಡ್ ಕಂಪನಿ ನಿದ್ದೆ ಮಾಡಿದರೆ ನಿಮ್ಮ ಪ್ರೊಸೆಸರ್‌ಗೆ ಆ ಮದ್ದು ಸಿಗುವುದು ತಡ.

ಬೋರ್ಡ್ ಮನೆಗೆ ಬಂತು ಅನ್ನಿ. ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ. ಚೌಕಟ್ಟು ಎತ್ತಿ, ಪ್ರೊಸೆಸರನ್ನು ಅದರ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ಗುರುತಿಗೆ ಹೊಂದುವಂತೆ ಮೆಲ್ಲಗೆ ಇಳಿಸಿ, ಚೌಕಟ್ಟು ಮುಚ್ಚಿ ಲಿವರ್ ಒತ್ತಿದರೆ ಮುಚ್ಚಳ ತಾನಾಗಿಯೇ ಟಪ್ ಅಂತ ಹಾರಿಬರುತ್ತದೆ. ಪಿನ್‌ಗಳು ಈಗ ಬೋರ್ಡಿನಲ್ಲಿವೆ, ಕೂದಲೆಳೆಯಷ್ಟು ತೆಳು, ಬೆರಳು ತಾಗಿದರೂ ಬಾಗುತ್ತವೆ, ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಇಲ್ಲ. ಮುಚ್ಚಳವನ್ನು ಡಬ್ಬದಲ್ಲೇ ಇಟ್ಟುಕೊಳ್ಳಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.

ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಬೋರ್ಡ್‌ಗಳು ರ‍್ಯಾಮನ್ನು ಪರೀಕ್ಷಿಸಿಕೊಳ್ಳುತ್ತವೆ, ಇದಕ್ಕೆ ಟ್ರೈನಿಂಗ್ ಅನ್ನುತ್ತಾರೆ. ಹಲವು ನಿಮಿಷ ಪರದೆ ಕಪ್ಪಗಿರುತ್ತದೆ, ಬೋರ್ಡಿನ ಅಂಚಿನ ಸಣ್ಣ ದೀಪಗಳಲ್ಲಿ ಡಿರ‍್ಯಾಮ್ ಎಂಬುದು ಉರಿಯುತ್ತಲೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಎಲ್ಲ ಮತ್ತೆ ಮೊದಲಿಂದ. ಕಾಲು ಗಂಟೆ ಕಳೆದರೂ ಹಾಗೇ ಇದ್ದರೆ ಒಂದೇ ಸ್ಟಿಕ್ಕನ್ನು ಎರಡನೇ ಸ್ಲಾಟಿನಲ್ಲಿ ಹಾಕಿ ನೋಡಿ. ಪರದೆ ಬಂದ ಕೂಡಲೇ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಅದೇ ಕೆಲಸದ ಇಂಟೆಲ್ ಸೆಟ್ಟಿಂಗ್ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್‌ಗೆ ದುಡ್ಡು ಕೊಟ್ಟೂ 4800ರಲ್ಲೇ ಆಡುತ್ತಿರುತ್ತೀರಿ.